ಗುಡ್ಡೆ ಹಾಕಿದವರ ಪಾಲು

ಕಲಾವತಿ ಮಿಸ್‌ಗೆ ಹೊಟ್ಟೆಕಿಚ್ಚಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು, ಬೇಕಾದಷ್ಟಿತ್ತು. ಅಲ್ಲಾಳಸಂದ್ರದಲ್ಲೇ ಹುಟ್ಟಿ, ಅಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿ, ಅಲ್ಲೇ ನಾಲ್ಕನೇ ಕ್ಲಾಸಿಗೆ ಲೆಕ್ಕ ಹೇಳಿಕೊಟ್ಟು ಕೂದಲು ನರೆಸಿಕೊಂಡವರು. ಮಗ್ಗಿ ಬಾಯಿಗೆ ಬಂದರೆ ಭಾಗಾಕಾರ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಅಂಥವರ ಪಕ್ಕದ ಸೆಕ್ಷನ್ನಿಗೆ ಗಂಗಾನಗರದ ಅಮ್ರೀನ್ ಎಂಬ ಹೊಸ ಮಿಸ್ ಒಂದು ಡಬ್ಬ ಹುಣಸೆಬೀಜ ಹಿಡಿದು ಬಂದಳು.

“ಹದಿನೇಳು ಬೀಜ, ಐದು ತಟ್ಟೆ. ಸಮವಾಗಿ ಹಂಚಿ” ಎಂದರೆ ಸಾಕು, ಅವಳ ಮಕ್ಕಳು ನೆಲದ ಮೇಲೆ ಕೂತು ತಟ್ಟೆಗೆ ಒಂದೊಂದೇ ಬೀಜ ಹಾಕುತ್ತಾ ನಗುತ್ತಿದ್ದರು. ಇತ್ತ ಕಲಾವತಿಯವರ ಮಕ್ಕಳು ಮಗ್ಗಿ ಮರೆತು ಕಿಟಕಿಯತ್ತ ಕತ್ತು ಚಾಚುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಬರುವ ವರ್ಷ ಎರಡೂ ಸೆಕ್ಷನ್ ಒಂದಾಗಿ ನಾಲ್ಕನೇ ಕ್ಲಾಸು ಒಬ್ಬರ ಪಾಲಿಗೆ ಬರುವುದಿತ್ತು. ಯಾರಿಗೆಂದು ಅಧಿಕಾರಿಯೊಬ್ಬರು ಪಾಠ ನೋಡಿ ಹೇಳುತ್ತಾರೆ. ಸೋತವರು ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸಬೇಕು.

ಒಂದು ದಿನ ಊಟದ ಹೊತ್ತಿನಲ್ಲಿ ಅಮ್ರೀನ್ ಗೋಳಾಡಿದಳು. “ಮೇಡಂ, ಶಿವಾನಿ ಕರೆಕ್ಟಾಗೇ ಹಂಚ್ತಾಳೆ. ಎರಡು ಉಳೀಬೇಕಲ್ವಾ? ಏನೂ ಉಳ್ದಿಲ್ಲ ಅಂತಾಳೆ. ಬೀಜಾನೂ ಕಾಣಲ್ಲ. ಯಾಕಿರ್ಬೋದು?”

ಯಾಕೆಂದು ಕಲಾವತಿಗೆ ಗೊತ್ತಿತ್ತು. ಶಿವಾನಿ ಅವರದೇ ಬೀದಿಯ ಹುಡುಗಿ. ಯುಗಾದಿಯ ಮಾರನೆಯ ದಿನ ಆ ಬೀದಿಯ ಮನೆಗಳೆಲ್ಲ ಸೇರಿ ಕುರಿಮರಿ ಕಡಿದು, ಬಾಡನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತವೆ. ಮಿಕ್ಕ ಚೂರುಪಾರು ಗುಡ್ಡೆ ಹಾಕಿದವರ ಪಾಲು. ಅದನ್ನು ಉಳಿದದ್ದು ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೆ ಕಲಾವತಿಯ ಅಪ್ಪ ಗುಡ್ಡೆ ಹಾಕುತ್ತಿದ್ದರು, ಈಗ ಶಿವಾನಿಯ ಅಪ್ಪ ಮುನೇಶ್.

“ಮಗ್ಗಿ ಬರಲ್ಲ ಅಷ್ಟೇ ಕಣಮ್ಮ” ಎಂದು ಕಲಾವತಿ ಮುದ್ದೆ ಮುರಿದರು. ಅವತ್ತಿನ ಊಟ ಬಹಳ ರುಚಿಸಿತು.

ಅಧಿಕಾರಿ ಬಂದ ದಿನ ಅಮ್ರೀನ್ ಪಾಠ ಮಾಡುವಾಗ ಕಲಾವತಿ ಬಾಗಿಲಲ್ಲೇ ನಿಂತಿದ್ದರು. ಶಿವಾನಿ ಹಂಚಿ ಮುಗಿಸಿದಳು.

“ಎಷ್ಟು ಉಳೀತಮ್ಮ?” ಎಂದರು ಅಧಿಕಾರಿ.

“ಏನೂ ಉಳ್ದಿಲ್ಲ ಸಾರ್.”

ಅಮ್ರೀನಳ ಮುಖ ಬಿಳಿಚಿಕೊಂಡಿತು. ಕಲಾವತಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಆ ಮಹಾರಾಯರು ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ. “ಬಿಡಿ ಮೇಡಂ, ಈ ಹಳ್ಳಿ ಮಕ್ಕಳ ತಲೆಗೆ ಏನೂ ಹತ್ತಲ್ಲ” ಎಂದುಬಿಟ್ಟರು.

ಕಲಾವತಿಗೆ ಎಲ್ಲಿತ್ತೋ ಕೋಪ. “ಲೇ ಶಿವಾನಿ, ಗುಡ್ಡೆ ಹಾಕ್ದೋರ ಪಾಲೆಲ್ಲೇ? ತೋರ್ಸು ಇವ್ರಿಗೆ!”

ಹುಡುಗಿ ಮುಷ್ಟಿ ಬಿಚ್ಚಿದಳು. ಎರಡು ಬೀಜ. ಕಲಾವತಿ ಬೀದಿಯ ಪದ್ಧತಿಯನ್ನು ಒಂದೇ ಉಸಿರಿಗೆ ವಿವರಿಸಿದರು. ಅಧಿಕಾರಿ ನಕ್ಕು, “ಭೇಷ್! ಮನೆಯ ರೂಢಿಯನ್ನೇ ಪಾಠಕ್ಕೆ ತಂದಿದ್ದೀರಿ” ಎಂದು ಅಮ್ರೀನಳ ಬೆನ್ನು ತಟ್ಟುವ ಮಾತಾಡಿದರು. “ಅದು ಮೇಡಂ ಹೇಳಿದ್ದು ಸಾರ್” ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ನಾಲ್ಕನೇ ಕ್ಲಾಸು ಅವಳದಾಗಿತ್ತು.

ಎಲ್ಲ ಮುಗಿದ ಮೇಲೆ ಶಿವಾನಿ ಬೀಜ ಹಿಡಿದು ಬಾಗಿಲ ಕಡೆ ಓಡಿ ಬಂದಳು. ಕಲಾವತಿ ತಮಗೇ ಅರಿವಿಲ್ಲದೆ ಕೈ ಚಾಚಿದರು. ಹುಡುಗಿ ಅವರನ್ನು ದಾಟಿ, ಅಧಿಕಾರಿಯನ್ನು ಕಳಿಸಿ ಬರುತ್ತಿದ್ದ ಅಮ್ರೀನಳ ಅಂಗೈಗೆ ಎರಡನ್ನೂ ಹಾಕಿದಳು.

“ನನ್ ಪಾಲು ಮಿಸ್. ನಿಮ್ಗೇ ಇರ್ಲಿ.”

ಕಲಾವತಿ ಚಾಚಿದ್ದ ಕೈಯಲ್ಲೇ ಸೆರಗು ಸರಿಮಾಡಿಕೊಂಡು, ಮಗ್ಗಿ ಹೇಳಿಸಲು ಪಕ್ಕದ ಕೋಣೆಗೆ ಹೋದರು.