ಮಾಸ್ತರರ ಬಗ್ಗೆ ಬೇರೆಯವರು ಬರೆದದ್ದು

2007ರ ನವೆಂಬರ್ 20, ಮಂಗಳವಾರದ ನನ್ನ ದಿನಚರಿಯಲ್ಲಿ ಒಂದೇ ಸಾಲು ಇದೆ: ಮಾಸ್ತರರ ಲೇಖನಕ್ಕೆ ಅಳಿಸುವ ಫಲಕ ಬಿದ್ದಿದೆ, ಏಳು ದಿನ ಸಮಯ.

ಆಗ ನಾನು ಹೊನ್ನಾವರದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೆ. ಹಳದೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ವಾರಕ್ಕೆ ಮೂರು ದಿನ ಕಾಲೇಜು ಬಿಟ್ಟ ಮೇಲೆ ಸೈಬರ್ ಕೆಫೆಯಲ್ಲಿ ಒಂದು ತಾಸು ಕೂತು ಅಂತರಜಾಲದ ಕನ್ನಡ ವಿಶ್ವಕೋಶಕ್ಕೆ ಲೇಖನ ಬರೆಯುತ್ತಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಅದು. ಅಲ್ಲಿದ್ದ ಐದು ಕಂಪ್ಯೂಟರುಗಳಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದ್ದದ್ದು ಗೋಡೆ ಬದಿಯ ಒಂದರಲ್ಲಿ ಮಾತ್ರ. ಉಳಿದವುಗಳಲ್ಲಿ ಬರೀ ಚೌಕಗಳು. ಅಲ್ಲಿಯವರೆಗೆ ಹದಿನಾಲ್ಕು ಲೇಖನ ಬರೆದಿದ್ದೆ. ಹದಿಮೂರು ಊರು, ಹೊಳೆ, ಬಂದರುಗಳ ಮೇಲೆ. ಹದಿನಾಲ್ಕನೆಯದು ಬದುಕಿರುವ ಒಬ್ಬ ಮನುಷ್ಯರ ಮೇಲೆ.

ಅವರು ನನಗೆ ನಾಲ್ಕನೇ ಇಯತ್ತೆ ಕಲಿಸಿದ ಮಾಸ್ತರರು. ಶಾಲೆಯ ಕೆಲಸದ ಜೊತೆಗೇ ಮೂವತ್ತು ವರ್ಷ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸಿದವರು, ನಿವೃತ್ತರಾದ ಮೇಲೂ ಬಿಟ್ಟಿರಲಿಲ್ಲ. ಹೊನ್ನಾವರದಿಂದ ಕುಮಟಾವರೆಗೆ ದೋಣಿ ಮಗುಚಿದರೂ, ಶಾಲೆಗೆ ಹೊಸ ಬಾವಿ ತೋಡಿದರೂ ವರದಿ ಅವರದೇ. ನನ್ನ ಹದಿಮೂರು ಲೇಖನಗಳ ಅಡಿಟಿಪ್ಪಣಿಗಳಲ್ಲಿ ಇಪ್ಪತ್ತೆರಡು ಅವರ ವರದಿಗಳು. ಹಾಗಾಗಿ ಅವರ ಬಗ್ಗೆಯೂ ಬರೆದೆ. ಬರೆದದ್ದನ್ನು ಅವರಿಗೆ ಹೇಳಿಯೂ ಬಿಟ್ಟೆ, ಅದೇ ತಪ್ಪಾಯಿತು. ಎರಡು ದಿನದಲ್ಲಿ ಬಸ್‌ಸ್ಟಾಪಿನ ಚಹಾದಂಗಡಿಗೆಲ್ಲ ಸುದ್ದಿ ಮುಟ್ಟಿತ್ತು. ಮಾಸ್ತರರೇ ಮುಟ್ಟಿಸಿದ್ದರು.

ಏಳು ದಿನದಲ್ಲಿ ಆಧಾರ ಸಿಗದಿದ್ದರೆ ಲೇಖನ ಅಳಿಸಬೇಕೆಂಬ ಆ ಫಲಕ ಹಾಕಿದವರು ಯಾರೋ, ಎಲ್ಲಿಯವರೋ. ಈ ವ್ಯಕ್ತಿಯ ಬಗ್ಗೆ ಬೇರೆಯವರು ಸ್ವತಂತ್ರವಾಗಿ ಬರೆದ ಆಧಾರಗಳಿಲ್ಲ ಎಂದು ಅವರ ಆಕ್ಷೇಪ. ಅದರ ಕೆಳಗೆ ಇನ್ನೊಬ್ಬರು ಆಗಲೇ 'ಗಮನಾರ್ಹರಲ್ಲ' ಎಂದು ಮತ ಹಾಕಿದ್ದರು. ಆ ಚರ್ಚೆಯನ್ನು ಯಾರು ಬೇಕಾದರೂ ತೆರೆದು ಓದಬಹುದು. ಅರವತ್ತು ದಾಟಿದ ಮನುಷ್ಯರಿಗೆ ಊರೆದುರು ಹೀಗೊಂದು ಷರಾ ಬೀಳುವಂತೆ ಮಾಡಿದವಳು ನಾನೇ ಎಂಬುದು ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ಬುಧವಾರ ಅವರ ಮನೆಗೆ ಹೋದೆ. ಫಲಕದ ಮಾತೆತ್ತದೆ, "ನಿಮ್ಮ ಬಗ್ಗೆ ಪೇಪರಲ್ಲಿ ಬಂದದ್ದು ಇದ್ರೆ ಕೊಡಿ" ಎಂದೆ. ಒಂಬತ್ತು ಫೈಲುಗಳನ್ನು ಜಗುಲಿಗೆ ತಂದಿಟ್ಟರು.

"ಅದ್ರಲ್ಲಿ ಊರಿನವ್ರೆಲ್ಲ ಸಿಗ್ತಾರೆ ತಂಗಿ, ಇವ್ರೊಬ್ರನ್ನ ಬಿಟ್ಟು" ಎಂದರು ಅವರ ಹೆಂಡತಿ.

ಎರಡು ಸಂಜೆ ಕೂತು ನೋಡಿದೆ. ಸಾವಿರಕ್ಕೂ ಮಿಕ್ಕಿದ ತುಣುಕುಗಳು, ಎಲ್ಲದರ ನೆತ್ತಿಯ ಮೇಲೂ 'ನಮ್ಮ ವರದಿಗಾರರಿಂದ'. ಊರಿನ ವರದಿಗಾರರ ಹೆಸರು ಹಾಕುವ ಪದ್ಧತಿ ಆ ಪತ್ರಿಕೆಗೆ ಇರಲಿಲ್ಲ. ಮಾಸ್ತರರ ಹೆಸರು ಸಿಕ್ಕಿದ್ದು ನಾಲ್ಕರಲ್ಲಿ. ಮೂರು ಕಡೆ ಸಭೆಯ ಕೊನೆಗೆ ವಂದಿಸಿದವರಾಗಿ. ನಾಲ್ಕನೆಯದು ಕುಮಟಾದಲ್ಲಿ ಅವರಿಗಾದ ಸನ್ಮಾನದ ಸುದ್ದಿ, ಫೋಟೋ ಸಹಿತ ಎರಡು ಕಾಲಂ. ನನಗೆ ಹೋದ ಜೀವ ಬಂದಂತಾಯಿತು.

"ಇದು ಬರೆದವ್ರು ಯಾರು ಮಾಸ್ತರೇ?"

"ಮತ್ತ್ಯಾರು? ನಾನೇ."

"ನಿಮ್ಮ ಸನ್ಮಾನದ ಸುದ್ದಿ ನೀವೇ?"

"ನಮ್ಮ ಪೇಪರಿಗೆ ಇಲ್ಲಿ ನಾನೊಬ್ನೇ ಅಲ್ವಾ ಇರೂದು? ಹಾರ ಹಾಕಿಸ್ಕಂಡೆ, ಕೆಳಗಿಳ್ದೆ, ಹಾರ ಕುರ್ಚಿ ಮೇಲಿಟ್ಟು ನೋಟ್ಸ್ ಮಾಡ್ಕಂಡೆ."

"ಫೋಟೋ ಒಂದು ಇವ್ರಿಗೇ ತೆಗ್ಯೂಕೆ ಆಗ್ಲಿಲ್ಲ, ಪಾಪ" ಎಂದು ಒಳಗಿನಿಂದ ಕೇಳಿಸಿತು.

ಆ ಫೈಲುಗಳಲ್ಲೇ ಸಂತೆಗುಳಿ ಕಡೆಯ ಒಂದು ಕಾಲುಸಂಕದ ಸುದ್ದಿಗಳಿದ್ದವು. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟಲಾಗದ ಬಗ್ಗೆ ನಾಲ್ಕು ವರ್ಷಗಳಲ್ಲಿ ಹನ್ನೊಂದು ವರದಿ. ಹನ್ನೆರಡನೆಯದು ಸಂಕ ಆದ ಸುದ್ದಿ. ತಲೆಬರಹ 'ಗ್ರಾಮಸ್ಥರ ಪ್ರಯತ್ನಕ್ಕೆ ಫಲ'. ಇದರಲ್ಲಿ ನಿಮ್ಮ ಹೆಸರು ಎಂತಕ್ಕೆ ಇಲ್ಲ ಎಂದು ಕೇಳಿದೆ.

"ಬರೆದದ್ದು ನಾನು ಹೌದು. ಕೆಸರಲ್ಲಿ ಕಂಬ ಹೊತ್ತವ್ರು ಅವ್ರು."

ಇನ್ನೊಂದೇ ದಾರಿ ಉಳಿದಿತ್ತು. ಭಟ್ಕಳದ ಒಂದು ಸಂಘದ ಸ್ಮರಣ ಸಂಚಿಕೆಯಲ್ಲಿ ತಮ್ಮ ಬಗ್ಗೆ ಅರ್ಧ ಪುಟ ಬಂದಿತ್ತೆಂದು ಮಾಸ್ತರರು ನೆನಪಿಸಿಕೊಂಡರು. ಅವರ ಪ್ರತಿ ಗೆದ್ದಲಿಗೆ ಹೋಗಿತ್ತು. ಮರುದಿನವೇ ಹೊರಟೆ. ಶುಕ್ರವಾರ ಎಂಬುದು ನೆನಪಾದದ್ದು ಭಟ್ಕಳದಲ್ಲಿ ಇಳಿದು, ಬಾಗಿಲು ಹಾಕಿದ್ದ ಅಂಗಡಿಗಳ ಸಾಲು ನೋಡಿದಾಗ. ನಮಾಜು ಮುಗಿಸಿ ಬಂದ ಸಂಘದ ಹಿರಿಯರೊಬ್ಬರು ಕಚೇರಿಯ ಬೀಗ ತೆಗೆದರು. ಸಂಚಿಕೆಯೂ ಸಿಕ್ಕಿತು. ಪುಟ ಮೂವತ್ತೊಂದು, ಕೆಳಗಿನ ಅರ್ಧ. ನಾನು ನಕಲು ಮಾಡಿಕೊಳ್ಳುತ್ತಿದ್ದಾಗ ಅವರು ಖುಷಿಯಿಂದ ಇನ್ನೊಂದು ಫೈಲು ತಂದರು.

"ನಿಮ್ಮ ಮಾಸ್ತರ್ ಸಾಹೇಬರ ಅಕ್ಷರ ನೋಡಮ್ಮ, ಮುತ್ತು! ನಾವು ಕೇಳಿದ್ವಿ, ಅವರೇ ಬರೆದು ಕಳಿಸಿದ್ರು. ಒಂದು ಅಕ್ಷರ ಬದಲಾಯಿಸಲಿಲ್ಲ."

ನಾಲ್ಕನೇ ಇಯತ್ತೆಯ ಹಲಗೆಯ ಮೇಲೆ ನೋಡಿದ್ದ ಅಕ್ಷರ ಅದು. ನಕಲು ಅರ್ಧಕ್ಕೇ ನಿಲ್ಲಿಸಿದೆ. ಅಂದಿನ ಲೆಕ್ಕ: ಸ್ವತಂತ್ರ ಆಧಾರ, ಸೊನ್ನೆ.

ಶನಿವಾರ ಎಲ್ಲ ಹೇಳಿದೆ. ಮಾಸ್ತರರು ಆ ವಿಶ್ವಕೋಶದ ನಿಯಮ ಓದು ಎಂದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನ್ನು ಓದಿದೆ. ಮಗ್ಗಿ ಒಪ್ಪಿಸಿಕೊಳ್ಳುವಾಗಿನ ಹಾಗೆ ಕಣ್ಣು ಮುಚ್ಚಿ ಕೇಳಿದರು.

"ನಿಯಮ ಮಾಡ್ದವ ಪೆದ್ದ ಅಲ್ಲ. ತಮ್ಮ ಬಗ್ಗೆ ತಾವೇ ಬರ್ಕಂಡು, ಮಾಸ್ತರೇ ಇದನ್ನ ಹಾಕಿ ಅಂತ ನನ್ನತ್ರ ಎಷ್ಟು ಜನ ಬರ್ತಿದ್ರು ಗೊತ್ತಿದ್ಯಾ? ಇನ್ನೊಬ್ರು ಹೇಳ್ಲಿ, ಹಾಕ್ತೆ ಅಂತಿದ್ದೆ."

"ಆದ್ರೆ ನಿಮ್ಮ ಬಗ್ಗೆ ಬರೆಯೂಕೆ ಇಲ್ಲಿ ಇನ್ನೊಬ್ರು ಇರ್ಲೇ ಇಲ್ವಲ್ಲ."

"ಇರ್ಲಿಲ್ಲ" ಎಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ತಿರುಗಿಸಿ ಮತ್ತೆ ಒರೆಸಿದರು. ಅದನ್ನು ಮೂಗಿಗೇರಿಸಿ, "ತೆಗ್ಯೂಕಿಂತ ಮುಂಚೆ ಒಂದು ಪ್ರಿಂಟ್ ತಂದುಕೊಡು" ಎಂದರು.

ಸೋಮವಾರ ಪ್ರಿಂಟ್ ಕೊಟ್ಟೆ. ಕೆಂಪು ಪೆನ್ನು ತೆಗೆದರು. 'ಜನಪ್ರಿಯ' ಹೋಯಿತು, 'ಅಪಾರ' ಹೋಯಿತು. 'ನಿರ್ಭೀತ' ಎಂಬಲ್ಲಿ ಪೆನ್ನು ನಿಂತಿತು.

"ಇದು ನಿನಗೆ ಹೇಳಿದವ್ರು ಯಾರು? ತಹಶೀಲ್ದಾರ ಕಚೇರಿ ಮೆಟ್ಟಿಲು ಹತ್ತುವಾಗ ನನ್ನ ಕಾಲು ನಡುಗ್ತಿತ್ತು."

ಹತ್ತೊಂಬತ್ತು ಸಾಲುಗಳಲ್ಲಿ ನಾಲ್ಕು ಉಳಿದವು: ಹೆಸರು, ಊರು, ಶಾಲೆ, ಸುದ್ದಿ ಕಳಿಸಿದ ವರ್ಷಗಳು. ಅದನ್ನೊಮ್ಮೆ ಗಟ್ಟಿಯಾಗಿ ಓದಿದರು.

"ಇಷ್ಟು ಸರಿ. ಆತು, ನಾಳೆ ನೀನೇ ತೆಗಿ. ಬೇರೆಯವ್ರು ತೆಗೆದ್ರೆ ಸುದ್ದಿ. ನಾವೇ ತೆಗೆದ್ರೆ ತಿದ್ದುಪಡಿ."

ಮಂಗಳವಾರದ ಹೊತ್ತಿಗೆ ಚರ್ಚೆಯ ಪುಟದಲ್ಲಿ 'ಗಮನಾರ್ಹರಲ್ಲ' ಮೂರಾಗಿತ್ತು. ಪರವಾಗಿ ಒಂದೂ ಇರಲಿಲ್ಲ. ಆ ಒಂದನ್ನು ಹಾಕಬೇಕೆಂದು ಕೀಲಿಮಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತೆ. ಕೊನೆಗೆ, "ಬರೆದವಳೇ ಅಳಿಸಲು ಕೋರುತ್ತಿದ್ದೇನೆ. ಸ್ವತಂತ್ರ ಆಧಾರ ಸಿಗಲಿಲ್ಲ, ಹುಡುಕಿದ್ದೇನೆ" ಎಂದು ಬರೆದೆ. ಮುಂದಿನ ವರ್ಷಗಳಲ್ಲಿ ಬೇರೆಯವರ ಲೇಖನಗಳ ಮೇಲೆ ಇಂಥ ಮತ ನಾನೂ ಹಾಕಬೇಕಾಯಿತು. ಆಗೆಲ್ಲ 'ಆಧಾರ ಸಿಗಲಿಲ್ಲ' ಎಂದಷ್ಟೇ ಬರೆದೆ. ಆ ಇನ್ನೊಂದು ಶಬ್ದವನ್ನು ಬರೆಯಲು ನನಗೆ ಕೈ ಬರಲಿಲ್ಲ.

ಅವತ್ತು ಹಳದೀಪುರದಲ್ಲಿ ಬಸ್ಸಿಳಿದಾಗ ಮಾಸ್ತರರು ಚಹಾದಂಗಡಿಯ ಬೆಂಚಿನ ಮೇಲೇ ಇದ್ದರು. ನನಗಿಂತ ಮೊದಲೇ ಅವರೇ ಸುದ್ದಿ ಹೇಳಿ ಮುಗಿಸಿದ್ದರು. ನನಗೆ ತಲೆಯೆತ್ತಿ ನೋಡಲು ಆಗಲಿಲ್ಲ.

"ಎಂತ ಮಾಸ್ತರೇ, ಕಂಪ್ಯೂಟರಿಂದ ನಿಮ್ಮನ್ನ ಡಿಸ್ಮಿಸ್ ಮಾಡಿದ್ರಂತೆ?" ಎಂದು ಅಂಗಡಿಯವ ಕೆಣಕಿದ.

"ಡಿಸ್ಮಿಸ್ ಅಲ್ಲ ಮಾರಾಯ" ಎಂದರು ಮಾಸ್ತರರು, ಬೆಂಚಿನಲ್ಲಿ ನನಗೆ ಜಾಗ ಮಾಡಿಕೊಡುತ್ತ. "ರಾಜೀನಾಮೆ."