ಮೇಷ್ಟ್ರ ಮೆಚ್ಚಿನ ಲೆಕ್ಕ

ನಿನ್ನೆ ಸೀರೆಗೆ ಗಂಜಿ ಹಾಕುವಾಗ ಆ ಹುಳಿಹುಳಿ ವಾಸನೆಗೆ ನಂಜನಗೂಡಿನ ನಮ್ಮ ಫಿಸಿಕ್ಸ್ ಮೇಷ್ಟ್ರ ಹಿತ್ತಿಲು ನೆನಪಾಯಿತು. ತೊಂಬತ್ತರ ದಶಕ, ನಾನಿನ್ನೂ ಕಾಲೇಜು ಹುಡುಗಿ. ಅವರ ಹೆಂಡತಿಯ ಗಂಜಿ ಸೀರೆಯ ಒಂದು ತುದಿ ನನಗೆ ಕೊಟ್ಟು, ಇನ್ನೊಂದು ತಾವು ಹಿಡಿದು, ಎಳೆಯುತ್ತಲೇ ಪಾಠ ಮಾಡುತ್ತಿದ್ದರು ಪುಣ್ಯಾತ್ಮ!

"ವಿಶ್ವ ಹುಟ್ಟಿದ ತಕ್ಷಣ, ಕಣ್ಣು ಮಿಟುಕಿಸೋಕೂ ಮುಂಚೆ, ಹಿಂಗೇ ಹಿಗ್ಬಿಡ್ತು ಕಣಮ್ಮ. ಎಷ್ಟೆಳೆದ್ರೂ ಸಣ್ಣ ಸುಕ್ಕು ಉಳೀತಲ್ಲ, ಅವೇ ಆಮೇಲೆ ನಕ್ಷತ್ರದ ಗುಂಪುಗಳಾದ್ವು."

ಹೇಗೆ ಹಿಗ್ಗಿತು ಎನ್ನುವುದಕ್ಕೆ ವಿಜ್ಞಾನಿಗಳಲ್ಲಿ ಹತ್ತಾರು ಲೆಕ್ಕಗಳಿದ್ದವು. ಅವುಗಳಲ್ಲಿ ತೀರಾ ಸರಳವಾದ ಒಂದು ಮೇಷ್ಟ್ರಿಗೆ ಅಚ್ಚುಮೆಚ್ಚು. ವಿಶ್ವದ ಎಳೆತನದಲ್ಲಿ ಹೊರಟು ಇನ್ನೂ ಆಕಾಶದಲ್ಲಿ ಉಳಿದಿರುವ ಹಳೆಯ ಬೆಳಕಿನಲ್ಲಿ ಆ ಸುಕ್ಕುಗಳನ್ನು ಅಳೆದು, ಯಾವ ಲೆಕ್ಕ ಸರಿ ಎಂದು ನೋಡಲು ಉಪಗ್ರಹ ಹೋಗುತ್ತದೆಂದು ತಿಳಿದಾಗಿನಿಂದ ಕಾಯುತ್ತಿದ್ದರು. ನಾನು ಮೈಸೂರಿಗೆ ಸಂಶೋಧನೆಗೆ ಹೊರಟಾಗ ಕೇಳಿಕೊಂಡದ್ದು ಅದೊಂದನ್ನೇ. "ಅಳತೆ ಬಂದ್ಮೇಲೆ ನೀನೇ ಬಂದು ಹೇಳ್ಬೇಕು. ನನ್ ಲೆಕ್ಕ ಬಿದ್ದೋಗಿದ್ರೆ ಬಿದ್ದೋಯ್ತು ಅಂತ್ಲೇ ಹೇಳು."

ಅಳತೆ ಬಂತು. ವಿಶ್ವ ಹಿಗ್ಗಿತೆಂಬ ಮಾತು ನಿಂತಿತು, ಮೇಷ್ಟ್ರ ಲೆಕ್ಕ ನಿಲ್ಲಲಿಲ್ಲ. ಅಷ್ಟರಲ್ಲಿ ಅವರು ನಿವೃತ್ತರಾಗಿ ಟಿ. ನರಸೀಪುರದಲ್ಲಿ ಹಾಸಿಗೆ ಹಿಡಿದಿದ್ದರು. ಕಾಯಿಲೆ ಮನೆಗೆ ಕೆಟ್ಟ ಸುದ್ದಿ ಒಯ್ಯಬಾರದು ಅನ್ನುವುದು ನಮ್ಮ ಕಡೆಯ ಹಳೇ ರೂಢಿ. ಬಾಗಿಲಲ್ಲೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಏನಾದ್ರೂ ಒಳ್ಳೇದೇ ಹೇಳವ್ವ. ನಿನ್ ದಾರೀನೇ ಕಾಯ್ತಾವ್ರೆ."

"ನಿಮ್ಮ ಲೆಕ್ಕಾನೇ ಗೆದ್ದಿದೆ ಸಾರ್," ಅಂದುಬಿಟ್ಟೆ.

ಆ ಮುಖ ಅರಳಿದ್ದು... ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದರಂತೆ, ಹಾಲಿನವನನ್ನೂ ಬಿಡದೆ. ಅವತ್ತು ಹೊಟ್ಟೆತುಂಬ ಊಟ ಮಾಡಿದರಂತೆ. ಒಳ್ಳೆಯ ಕೆಲಸ ಮಾಡಿದೆನೆಂದು ನಾನೂ ಬೀಗಿದೆ, ನನ್ನ ಬುದ್ಧಿಗಿಷ್ಟು!

ಕೆಲವು ವಾರಗಳಾದ ಮೇಲೆ ನೋಡಲು ಬಂದ ಫಿಸಿಕ್ಸ್ ಅಧ್ಯಾಪಕರೊಬ್ಬರ ಮುಂದೆಯೂ ಮೇಷ್ಟ್ರು ಈ ಗೆಲುವನ್ನು ಹೇಳಿಕೊಂಡರು. ಆತ ಸಂಕೋಚದಿಂದಲೇ ನಿಜ ತಿಳಿಸಿದರು. ಮುಂದಿನ ಸಲ ನಾನು ಹೋದಾಗ ಮೇಷ್ಟ್ರು ಬೈಯಲಿಲ್ಲ.

"ಸೋತಿದ್ದಕ್ಕೆ ಬೇಜಾರಿಲ್ಲ ಕಣಮ್ಮ. ಎಲ್ಲಿ ತಪ್ಪಿತು ಅಂತ ನಿನ್ ಜೊತೆ ಕೂತು ನೋಡ್ಬೇಕು ಅಂತಿದ್ದೆ," ಎಂದು ಗೋಡೆಯ ಕಡೆ ತಿರುಗಿಕೊಂಡರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಒಂದು ವರ್ಷ ಇದ್ದರು. ಹೋದಾಗಲೆಲ್ಲ ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಊಟ ಆಯಿತಾ ಎಂದು ವಿಚಾರಿಸುತ್ತಿದ್ದರು. ಆಕಾಶದ ಸುದ್ದಿಯನ್ನು ಮಾತ್ರ ನನ್ನನ್ನು ಮತ್ತೆಂದೂ ಕೇಳಲಿಲ್ಲ.

ಈಗ ನಾನೂ ಮೇಷ್ಟ್ರು. ಆ ಸರಳ ಲೆಕ್ಕ ಯಾಕೆ ಬಿತ್ತು ಎಂದು ತರಗತಿಯಲ್ಲಿ ಕೇಳುತ್ತಾರೆ. ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಹತ್ತು ನಿಮಿಷದ ಕೆಲಸ. ಯಾರ್ಯಾರಿಗೋ ಕೊಡುವ ಆ ಹತ್ತು ನಿಮಿಷವನ್ನು, ವರ್ಷಗಟ್ಟಲೆ ಕಾದವರಿಗೆ ನಾನು ಕೊಡಲಿಲ್ಲ.