ಕಂಬವೆಂದು ಎಣಿಸಿಕೊಂಡವರು

ಗಾರೆ ಮೇಸ್ತ್ರಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಬೇರೆಯವರು ಕಟ್ಟಿದ ಗೋಡೆ ಕಂಡರೆ ಸಾಕು, ಕರಣೆಯ ಹಿಡಿಯಿಂದ ಟಕಟಕ ತಟ್ಟಿ, ಕಿವಿ ಆನಿಸಿ, "ಒಳಗೆ ಪೊಳ್ಳು" ಎಂದುಬಿಡುತ್ತಿದ್ದ. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತಿತ್ತು ಅನ್ನಿ. ಆದರೆ ಈ ಮಹಾಶಯ ಗೋಡೆಗೇ ನಿಲ್ಲಿಸಿದನೇ? ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಡಾಕ್ಟರು "ನಿಮಗೇನೂ ಆಗಿಲ್ಲ" ಎಂದರೆ ಏನೋ ಮುಚ್ಚಿಡುತ್ತಿದ್ದಾರೆ. ಬೀದಿಯವರು ಅವನಿಗೆ ಟಕಟಕ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನು, ಮಗಳು, ಇಬ್ಬರೇ. ಮಗಳು ಹೊಲಿಗೆ ಅಂಗಡಿಯಲ್ಲಿ ದುಡಿದು ಬಂದು ಅಡುಗೆ ಮಾಡಿ, ಅಪ್ಪನ ಸಿಮೆಂಟು ಮೆತ್ತಿದ ಅಂಗಿ ನೆನೆಹಾಕಿ, ಅವನ ಅಂದಿನ ಅನುಮಾನಗಳನ್ನೆಲ್ಲ ಕೇಳಿ ಮಲಗುತ್ತಿದ್ದಳು. ಅವಳ ಮದುವೆ ಬೇಕರಿಯವರ ಮಗನ ಜೊತೆ ಗೊತ್ತಾಯಿತು. ಅವಳೇ ಮೆಚ್ಚಿದ ಹುಡುಗ. ಹುಡುಗನ ಅಪ್ಪ ಬೇಕರಿಯವರು ಚರ್ಚಿನ ಹಿರಿಯರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು ಅವರು, ಕೊನೆಗೆ ಕುರ್ಚಿ ಎತ್ತಿಡುವವರೂ ಅವರೇ. "ನಮ್ಮ ಸಭೆಯ ಕಂಬ" ಎಂದು ಎಲ್ಲರ ಬಾಯಲ್ಲೂ ಅವರ ಮಾತೇ.

ಮೇಸ್ತ್ರಿಯ ತಲೆ ಕೆಟ್ಟಿದ್ದು ಇಲ್ಲೇ. ಇಷ್ಟು ಒಳ್ಳೆಯವರಾಗಿರಲು ಇವರಿಗೇನು ಬಂದಿದೆ ದೊಡ್ಡ ರೋಗ? ಬೇಕರಿಯ ಎದುರು ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನೋಡಿದ. ಅವರು ಬೀದಿನಾಯಿಗೆ ಬ್ರೆಡ್ಡಿನ ಅಂಚು ಹಾಕುತ್ತಿದ್ದರು. "ನಾಯಿನೂ ಬುಟ್ಟಿಗೆ ಹಾಕ್ಕೊಂಡಿದ್ದಾರೆ" ಎಂದು ಗೊಣಗಿಕೊಂಡು ಮನೆಗೆ ಬಂದ.

ಎರಡೂ ಮನೆಯವರು ಹೋಗುವ ಚರ್ಚಿನಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುವುದುಂಟು. ಮೊದಲ ಭಾನುವಾರ ಸುಸೂತ್ರವಾಗಿ ಕಳೆಯಿತು. ಎರಡನೆಯದರಲ್ಲಿ ಪಾದ್ರಿಗಳು ಬೈಬಲಿನಲ್ಲಿರುವ ಪೌಲನ ಪತ್ರದ ಮೇಲೆ ಪ್ರಸಂಗ ಮಾಡಿದರು. "ಇಲ್ಲಿ ಗ್ರೀಕಿನಲ್ಲಿರೋ ಮಾತು ಸ್ತೂಲೋಸ್. ಅಂದ್ರೆ ಕಟ್ಟಡದ ಕಂಬ. ಆದ್ರೆ ಪೌಲ ಕಲ್ಲಿನ ಮಾತಾಡ್ತಿಲ್ಲ. ಯಾಕೋಬ, ಕೇಫ, ಯೋಹಾನ, ಈ ಮೂವರು ಸಭೆಯ ಭಾರ ಹೊತ್ತೋರು. ಅದಕ್ಕೇ ಅವರನ್ನ 'ಕಂಬಗಳೆಂದು ಎಣಿಸಿಕೊಂಡವರು' ಅಂತಾನೆ."

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಕಂಬಗಳೇ ಅಂತಲ್ಲ, ಕಂಬಗಳೆಂದು ಎಣಿಸಿಕೊಂಡವರಂತೆ! ಅಂದರೆ ಪೌಲನಿಗೇ ಪೂರ್ತಿ ನಂಬಿಕೆ ಇರಲಿಲ್ಲ ಅಂತಾಯಿತು. ಅಂಥಾ ಪೌಲನೇ ಅನುಮಾನ ಪಟ್ಟ ಮೇಲೆ ನಾನು ಪಟ್ಟರೆ ತಪ್ಪೇನು?

ಪ್ರಸಂಗ ಮುಗಿಸಿ ಪಾದ್ರಿಗಳು ಹೆಸರು ಓದಿ, ಆಕ್ಷೇಪಣೆ ಕೇಳಿದರು. ಮೇಸ್ತ್ರಿ ಎದ್ದು ನಿಂತ.

"ನಂದಿದೆ."

"ಹುಡುಗಿ ಅಪ್ಪ ನೀವೇ ಅಲ್ವಾ?" ಪಾದ್ರಿಗಳಿಗೆ ಗಾಬರಿ.

"ಅದಕ್ಕೇ ಎದ್ದಿದ್ದು."

"ಏನು ಆಕ್ಷೇಪಣೆ?"

"ಗೊತ್ತಿಲ್ಲ. ಏನೋ ಇದೆ."

ಹಿಂದೆ ಯಾರೋ ಕಿಸಕ್ಕೆಂದರು. ಬೇಕರಿಯವರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. "ಬೀಗರೇ, ನಮ್ಮಿಂದ ತಪ್ಪಾಗಿದ್ರೆ ಹೇಳಿ, ತಿದ್ಕೋತೀವಿ."

"ನೋಡಿದ್ರಾ, ಎಷ್ಟು ನಯ!" ಎಂದ ಮೇಸ್ತ್ರಿ.

ಇದು ಬಗೆಹರಿಯುವವರೆಗೆ ಮುಂದೆ ಓದುವುದಿಲ್ಲ ಎಂದರು ಪಾದ್ರಿಗಳು. ಅಲ್ಲಿಗೆ ಮದುವೆ ನಿಂತಿತು.

ಮನೆಯಲ್ಲಿ ಮಗಳು ಅಳಲಿಲ್ಲ. ತಟ್ಟೆಯನ್ನು ಅಪ್ಪನ ಮುಂದೆ ಕುಕ್ಕಿದಳು. "ಅವರಲ್ಲಿ ಏನು ಕಂಡೆ ಹೇಳಪ್ಪ."

"ಏನೂ ಕಾಣಲಿಲ್ಲ. ಅದೇ ಅನುಮಾನ."

"ಸುಳ್ಳು. ಬೈಬಲಿನ ಪ್ರಕಟಣೆ ಪುಸ್ತಕದಲ್ಲೂ ಕಂಬದ ಮಾತು ಬರುತ್ತೆ, ಅಮ್ಮ ಓದ್ತಿದ್ದಳು. ಗೆದ್ದವನನ್ನ ದೇವರು ತನ್ನ ಆಲಯದಲ್ಲಿ ಕಂಬವಾಗಿ ನಿಲ್ಲಿಸ್ತಾನೆ, ಅವನು ಮತ್ತೆ ಹೊರಗೆ ಹೋಗೋದೇ ಇಲ್ಲ ಅಂತ. ನೀನು ನನ್ನನ್ನ ಹಾಗೆ ನಿಲ್ಲಿಸೋಕೆ ನೋಡ್ತಿದೀಯ. ಇದು ದೇವರ ಆಲಯ ಅಲ್ಲಪ್ಪ, ನಮ್ಮನೆ. ನಾನು ಹೊರಗೆ ಹೋಗ್ಬೇಕು."

ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. ಊರಿನ ಗೋಡೆಗಳನ್ನೆಲ್ಲ ತಟ್ಟಿದವನು ತನ್ನೊಳಗನ್ನು ಒಂದು ದಿನವೂ ತಟ್ಟಿರಲಿಲ್ಲ ನೋಡಿ.

"ನೀನು ಹೋದ್ರೆ ಈ ಮನೇಲಿ ನಾನೊಬ್ಬನೇ. ಭಯ ಆಗುತ್ತೆ ಕಣೆ" ಎಂದ ಕೊನೆಗೆ.

"ನನಗೂ ಆಗುತ್ತೆ" ಎಂದಳು ಮಗಳು. "ಆದ್ರೂ ಹೋಗ್ತೀನಿ."

ಮರುದಿನವೇ ಹೋಗಿ ಪಾದ್ರಿಗಳ ಹತ್ತಿರ ಆಕ್ಷೇಪಣೆ ವಾಪಸ್ ತೆಗೆದುಕೊಂಡ. ಭಾನುವಾರ ಪಾದ್ರಿಗಳು ಮತ್ತೆ ಹೆಸರು ಓದಲು ನಿಂತಾಗ ಇಡೀ ಚರ್ಚು ಕತ್ತು ತಿರುಗಿಸಿ ಮೇಸ್ತ್ರಿಯನ್ನೇ ನೋಡಿತು. ಪಾದ್ರಿಗಳೂ ಓದುವುದು ಬಿಟ್ಟು ಅವನತ್ತ ನೋಡಿದರು. ಅವನು ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದ.

"ನನ್ನನ್ನೇನು ನೋಡ್ತೀರಿ?" ಎಂದ. "ನನ್ನ ಅನುಮಾನ ನನ್ನ ಹತ್ರಾನೇ ಇರ್ಲಿ. ನೀವು ನನ್ನ ಮಗಳ ಹೆಸರು ಗಟ್ಟಿಯಾಗಿ ಓದಿ."